ಖಣದ ನಕ್ಷೆಗಳಿದ್ದ ಡಿಸ್ಕ್

2023ರ ಬೇಸಿಗೆಯಲ್ಲಿ ನಾನು ಸೂರತ್‌ನಲ್ಲಿ ಸ್ವತಂತ್ರವಾಗಿ ಕಂಪ್ಯೂಟರ್ ರಿಪೇರಿ ಮತ್ತು ಡೇಟಾ ರಿಕವರಿ ಕೆಲಸ ಮಾಡಿಕೊಂಡಿದ್ದೆ. ಡೇಟಾ ರಿಕವರಿ ಎಂದರೆ ಕೆಟ್ಟ ಡಿಸ್ಕಿನೊಳಗೆ ಸಿಕ್ಕಿಬಿದ್ದ ಫೈಲ್‌ಗಳನ್ನು ಆದಷ್ಟು ಹೊರಗೆ ತೆಗೆಯುವುದು. ನಾನು ಹಾಸನದವಳು. ಮೈಸೂರಿನಲ್ಲಿ ಹಾರ್ಡ್‌ವೇರ್ ಸರ್ವಿಸ್ ಎಂಜಿನಿಯರ್ ಆಗಿದ್ದವಳು, ಗಂಡನನ್ನು ಬ್ಯಾಂಕಿನವರು ವರ್ಗ ಮಾಡಿದಂತೆಲ್ಲ ಮೊದಲು ವಡೋದರಾಕ್ಕೆ, ಆಮೇಲೆ ಸೂರತ್‌ಗೆ ಬಂದೆ. ಅಂಗಡಿ ಇಡಲಿಲ್ಲ. ಮನೆಯ ಒಂದು ಕೋಣೆಯೇ ನನ್ನ ವರ್ಕ್‌ಶಾಪ್. ಊರಿನ ಕನ್ನಡದವರು ಒಬ್ಬರಿಂದೊಬ್ಬರಿಗೆ ನನ್ನ ನಂಬರ್ ದಾಟಿಸುತ್ತಿದ್ದರು.

ಹಾಗೆ ಒಂದು ದಿನ ಮಹೇಶ್ ಎಂಬ ಯುವಕನ ಫೋನು ಬಂತು. ಹಿಂದಿಯಲ್ಲಿ ಶುರುಮಾಡಿದವನು ನನ್ನ ದನಿ ಕೇಳಿ ಕನ್ನಡಕ್ಕೆ ಹೊರಳಿದ. ಸೂರತ್‌ನದೇ ಉಧ್ನಾ ಬಡಾವಣೆಯಲ್ಲಿ ಮನೆ, ಮನೆಯ ಕಂಪ್ಯೂಟರ್ ಬಹಳ ನಿಧಾನವಾಗಿದೆ, ಬೀದಿಯ ತುದಿಯ ರಿಪೇರಿಯವನು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದಿದ್ದಾನೆ, ಆದರೆ ಅಪ್ಪ ಅದನ್ನು ಮುಟ್ಟಲು ಬಿಡುತ್ತಿಲ್ಲ ಎಂದ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಒರೆಸಿ ಹೊಸದಾಗಿ ಶುರುಮಾಡುವುದು. ನಾನು ಬರುವವರೆಗೆ ಯಾರಿಗೂ ಕೊಡಬೇಡಿ ಎಂದು ಹೇಳಿ ಹೊರಟೆ.

ಉಧ್ನಾದ ಆ ಗಲ್ಲಿಯಲ್ಲಿ ಹಗಲೆಲ್ಲ ಪವರ್‌ಲೂಮ್‌ಗಳ ಸದ್ದು. ಮನೆ ಎರಡನೇ ಮಹಡಿಯಲ್ಲಿತ್ತು. ಮಹೇಶನ ತಾಯಿ ಶಾಂತವ್ವ ಬಾಗಿಲು ತೆಗೆದರು. ತಂದೆ ವೀರಭದ್ರಪ್ಪ ಕಂಪ್ಯೂಟರ್ ಮೇಜಿನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ನಾನು ಒಳಗೆ ಬಂದಾಗ ಅವರು ನನ್ನ ಕಡೆ ತಿರುಗಿದರು, ಆದರೆ ದೃಷ್ಟಿ ನನ್ನ ಮೇಲೆ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದಿತ್ತು. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

ಅವರ ಊರು ಗುಳೇದಗುಡ್ಡ. ಖಣ ನೇಯುವ ಮನೆತನ. ಖಣ ಎಂದರೆ ಉತ್ತರ ಕರ್ನಾಟಕದ ಹೆಂಗಸರ ಕುಬಸದ ಬಟ್ಟೆ. ಅಂಗೈಯಗಲದ ಜಾಗದಲ್ಲಿ ನೂರಾರು ಸಣ್ಣ ಹೂವು, ಚುಕ್ಕಿ, ಹೆಜ್ಜೆಗಳು. ಊರಿನಲ್ಲಿ ಮಗ್ಗಗಳು ಒಂದೊಂದೇ ನಿಂತಾಗ, ಇಪ್ಪತ್ತರ ಪ್ರಾಯದ ವೀರಭದ್ರಪ್ಪ ಸೂರತ್‌ಗೆ ಬಂದು ಪವರ್‌ಲೂಮ್ ಸೇರಿದರು. ಅಲ್ಲಿಂದ ಕಾರ್ಡ್ ಹೊಡೆಯುವ ಕೆಲಸಕ್ಕೆ ಹೋದರು. ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಜಕಾರ್ಡ್ ಯಂತ್ರಕ್ಕೆ ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡು. ಮುಂದೆ ಆ ಕೆಲಸ ಕಂಪ್ಯೂಟರಿಗೆ ಬಂದಾಗ, ಐವತ್ತು ದಾಟಿದ ಮೇಲೆ ಅವರು ಮೌಸ್ ಹಿಡಿದು ಪರದೆಯ ಮೇಲಿನ ಚೌಕಗಳನ್ನು ತುಂಬಲು ಕಲಿತರು.

ಕೆಲಸ ಬಿಟ್ಟ ಮೇಲೆ ಅವರು ತಮ್ಮದೇ ಒಂದು ಕೆಲಸ ಹಿಡಿದರು. ಸೂರತ್‌ನಲ್ಲಿದ್ದ ಊರಿನ ಕಡೆಯ ಹೆಂಗಸರಿಂದ ಅವರ ತಾಯಿ, ಅಜ್ಜಿಯರ ಹಳೆಯ ಕುಬಸಗಳನ್ನು ಕೇಳಿ ತರುವುದು, ಭೂತಗನ್ನಡಿ ಹಿಡಿದು ಎಳೆ ಎಣಿಸುವುದು, ಆ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುವುದು, ಕುಬಸವನ್ನು ವಾಪಸು ಕೊಡುವುದು. ಹತ್ತು ವರ್ಷ ಇದನ್ನು ಮಾಡಿದರು. ಇನ್ನೂರರ ಹತ್ತಿರ ನಕ್ಷೆಗಳಾದವು. ಆಮೇಲೆ ಕಣ್ಣು ಹೋದವು. ಕಂಪ್ಯೂಟರಿನ ಮೇಲೆ ಶಾಂತವ್ವ ಹಳೆಯ ಸೀರೆಯ ತುಂಡು ಹೊದಿಸಿಟ್ಟರು.

ಆ ವರ್ಷ ಗುಳೇದಗುಡ್ಡದಿಂದ ವೀರಭದ್ರಪ್ಪನವರ ತಮ್ಮನ ಮಗ ಫೋನು ಮಾಡಿದ್ದ. ಅವನ ಮನೆಯಲ್ಲಿ ಇನ್ನೂ ಕೆಲವು ಕೈಮಗ್ಗ ನಡೆಯುತ್ತಿದ್ದವು. ಹಳೆಯ ನಮೂನೆಗಳನ್ನು ಕೇಳುವವರು ಬರುತ್ತಿದ್ದಾರೆ, ದೊಡ್ಡಪ್ಪ ಮಾಡಿಟ್ಟ ನಕ್ಷೆಗಳನ್ನು ಕಳಿಸಿದರೆ ನೇಯುತ್ತೇನೆ ಎಂದಿದ್ದ. ಅದಕ್ಕಾಗಿ ಬಹಳ ದಿನಗಳ ಮೇಲೆ ಮಹೇಶ ಕಂಪ್ಯೂಟರ್ ಹಚ್ಚಿದಾಗ ಅದು ಏಳಲು ಒದ್ದಾಡಿತು.

ನಾನು ಹಚ್ಚಿದಾಗಲೂ ಪರದೆ ಪೂರ್ತಿ ಬರುವಷ್ಟರಲ್ಲಿ ಶಾಂತವ್ವ ಚಹಾ ಮಾಡಿ ತಂದು, ನಾನು ಕುಡಿದೂ ಆಗಿತ್ತು. ನಿಧಾನದ ಕಂಪ್ಯೂಟರ್ ಎಂದೊಡನೆ ಜನ ವೈರಸ್ ಎನ್ನುತ್ತಾರೆ, ಮೆಮೊರಿ ಸಾಲದು ಎನ್ನುತ್ತಾರೆ. ಇಲ್ಲಿ ಪ್ರೊಸೆಸರ್ ಸುಮ್ಮನಿತ್ತು, ಮೆಮೊರಿ ಅರ್ಧಕ್ಕರ್ಧ ಖಾಲಿ ಇತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು, ಆದರೆ ಏನನ್ನೂ ಕೊಡುತ್ತಿರಲಿಲ್ಲ. ಕಿವಿಗೊಟ್ಟರೆ ಒಳಗಿನಿಂದ ಟಕ್ ಟಕ್ ಎಂಬ ಸಣ್ಣ ಸದ್ದು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ವರದಿ ಎನ್ನುತ್ತಾರೆ. ಅದನ್ನು ತೆರೆದೆ. ಓದಲಾಗದೆ ಬಾಕಿ ಉಳಿದ ಜಾಗಗಳ ಸಂಖ್ಯೆ, ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು.

ಬೇರೆ ಕಡೆ ಪ್ರತಿ ಇದೆಯೇ ಎಂದು ಕೇಳಿದೆ. ಇದೆ ಎಂದು ವೀರಭದ್ರಪ್ಪ ಸಮಾಧಾನದಿಂದ ಹೇಳಿದರು. ಪ್ರತಿ ನಕ್ಷೆಯನ್ನೂ ಸಿ ಡ್ರೈವಿನಲ್ಲೊಂದು, ಡಿ ಡ್ರೈವಿನಲ್ಲೊಂದು, ಹೀಗೆ ಎರಡೆರಡು ಕಡೆ ಇಟ್ಟಿದ್ದರು. ಸಿ ಮತ್ತು ಡಿ ಎಂಬುವು ಒಂದೇ ಡಿಸ್ಕಿಗೆ ಅಡ್ಡಗೋಡೆ ಎಳೆದು ಮಾಡಿದ ಎರಡು ಭಾಗ, ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇದನ್ನು ನಾನು ನೂರಾರು ಮನೆಗಳಲ್ಲಿ ಹೇಳಿದ್ದೇನೆ. ಅಂದು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.

ಡಿಸ್ಕನ್ನು ಬಿಚ್ಚಿಕೊಂಡು ಮೆಟ್ಟಿಲಿಳಿಯುವಾಗ ಮಹೇಶ ನನ್ನ ಹಿಂದೆಯೇ ಬಂದ. ಎರಡು ದಿನದ ಹಿಂದೆ ಪರದೆಯ ಮೇಲೆ ಡಿಸ್ಕ್ ಸರಿಪಡಿಸಲೇ ಎಂದು ಕಂಪ್ಯೂಟರ್ ಕೇಳಿತ್ತಂತೆ, ಇವನು ಹೌದು ಎಂದು ಒತ್ತಿದ್ದ. ಅದು ದಿನವಿಡೀ ಓಡಿತ್ತು.

"ನಾ ಅದನ್ನ ಓಡಿಸಿದ್ದಕ್ಕ ಹಿಂಗಾತೇನ್ರಿ ಮೇಡಂ?" ಎಂದು ಕೇಳಿದ.

ಚೆನ್ನಾಗಿರುವ ಡಿಸ್ಕಿಗೆ ಆ ಪರೀಕ್ಷೆ ಒಳ್ಳೆಯದೇ. ಸಾಯುತ್ತಿರುವ ಡಿಸ್ಕನ್ನು ಅದು ಮೂಲೆಮೂಲೆಗೂ ಓಡಿಸಿ ದಣಿಸುತ್ತದೆ. ಆದರೆ ಅದರಿಂದಲೇ ಹೀಗಾಯಿತು ಎಂದಾಗಲಿ, ಅಲ್ಲ ಎಂದಾಗಲಿ ಯಾರೂ ಹೇಳಲಾರರು. ಹಾಗೆಂದೇ ಅವನಿಗೆ ಹೇಳಿದೆ. ಅವನಿಗೆ ಬೇಕಿದ್ದ ಉತ್ತರ ಅದಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

ಡಿಸ್ಕನ್ನು ಮನೆಗೆ ತಂದು ಕ್ಲೋನಿಂಗ್‌ಗೆ ಹಾಕಿದೆ. ಹಳೆಯ ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಇಳಿಸುವುದೇ ಕ್ಲೋನಿಂಗ್. ಓದಲು ಬಾರದ ಜಾಗ ಬಂದರೆ ಹಟ ಹಿಡಿಯದೆ ಅದನ್ನು ದಾಟಿ ಮುಂದಕ್ಕೆ ಹೋಗಬೇಕು, ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳಬೇಕು, ಬಿಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳಬೇಕು. ಮೊದಲ ಭಾಗ ಸರಾಗವಾಗಿ ಬಂತು. ನಡುವಿಗೆ ಬಂದಾಗ ವೇಗ ಬಿತ್ತು, ಮತ್ತೆ ಬಿತ್ತು. ಡಿಸ್ಕ್ ಕಾಯದಂತೆ ಫ್ಯಾನ್ ಇಟ್ಟೆ, ಆಗಾಗ ನಿಲ್ಲಿಸಿ ಆರಲು ಬಿಟ್ಟೆ. ವಾರದ ಕೊನೆಗೆ ಅದು ಒಮ್ಮೆ ಕರ್ರೆಂದು ಸದ್ದು ಮಾಡಿ, ಆಮೇಲೆ ಕಂಪ್ಯೂಟರಿಗೆ ಕಾಣಿಸುವುದನ್ನೇ ಬಿಟ್ಟಿತು.

ಕೈಗೆ ಬಂದಷ್ಟನ್ನು ತೆರೆದು ನೋಡುತ್ತಿದ್ದಾಗ ಮಹೇಶ ಬಂದ. ಅವನು ದಿನವೂ ಜವಳಿ ಮಾರ್ಕೆಟ್ಟಿನ ಕೆಲಸ ಮುಗಿಸಿ ಹಾಗೇ ಬಂದು ಹೋಗುತ್ತಿದ್ದ. ಪರದೆಯ ಮೇಲೆ ಆಗಷ್ಟೇ ಖಣ ಎಂಬ ಫೋಲ್ಡರ್ ಬಿಚ್ಚಿಕೊಂಡಿತ್ತು. ಒಂದರ ಕೆಳಗೊಂದು ಎಲ್ಲ ಹೆಸರುಗಳೂ ಇದ್ದವು. ನಾನು ಇನ್ನೂ ಒಂದನ್ನೂ ತೆರೆದಿಲ್ಲ, ತಾಳಿ ಎಂದೆ. ಅವನು ಆಗಲೇ ಫೋನು ಕಿವಿಗೆ ಹಿಡಿದು ಬಾಗಿಲ ಹೊರಗೆ ಹೋಗಿದ್ದ. ಪಪ್ಪಾ, ಎಲ್ಲಾ ಬಂದಾವ ಎಂದು ಅವನು ಹೇಳಿದ್ದು ಒಳಗೆ ಕೇಳಿತು.

ಒಂದು ಡಿಸ್ಕಿನಲ್ಲಿ ಫೈಲಿನ ಹೆಸರು ಇರುವ ಜಾಗ ಬೇರೆ, ಫೈಲಿನ ಒಡಲು ಇರುವ ಜಾಗ ಬೇರೆ. ಹೆಸರು, ಅಳತೆ, ತಯಾರಾದ ದಿನ, ಇವೆಲ್ಲ ಒಂದು ಕಡೆ ಪಟ್ಟಿಯಾಗಿರುತ್ತವೆ. ಆ ಪಟ್ಟಿ ನನಗೆ ಸರಾಗವಾಗಿ ಬಂದ ಭಾಗದಲ್ಲಿತ್ತು. ನಕ್ಷೆಗಳು ಇದ್ದದ್ದು ಡಿಸ್ಕ್ ಕೆಟ್ಟ ಭಾಗದಲ್ಲಿ. ಮಹೇಶ ಒಳಗೆ ಬರುವಷ್ಟರಲ್ಲಿ ನಾನು ಹತ್ತು ಹನ್ನೆರಡು ಫೈಲ್ ತೆರೆದಿದ್ದೆ. ಎಲ್ಲದರ ಒಳಗೂ ಬರೀ ಸೊನ್ನೆ. ಅಂದು ರಾತ್ರಿಯೊಳಗೆ ಎಲ್ಲವನ್ನೂ, ಸಿ ಮತ್ತು ಡಿ ಎರಡರದ್ದನ್ನೂ, ನೋಡಿ ಮುಗಿಸಿದೆವು. ತೆರೆದುಕೊಂಡದ್ದು ಮೂರು. ಅದರಲ್ಲಿ ಒಂದು ಅರ್ಧ ಮಾತ್ರ, ಕೆಳಗಿನ ಅರ್ಧ ಕಪ್ಪು.

ಅಷ್ಟರಲ್ಲಿ ಉಧ್ನಾದಲ್ಲಿ ವೀರಭದ್ರಪ್ಪ ಗುಳೇದಗುಡ್ಡಕ್ಕೆ ಫೋನು ಮಾಡಿಸಿ, ಮಗ್ಗ ಸಜ್ಜು ಮಾಡು ಎಂದು ತಮ್ಮನ ಮಗನಿಗೆ ಹೇಳಿಯಾಗಿತ್ತು. ಶಾಂತವ್ವ ಶಿರಾ ಮಾಡಿದ್ದರು.

ಒಂದು ದಾರಿ ಉಳಿದಿತ್ತು. ಅಹಮದಾಬಾದ್‌ನಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕನ್ನೇ ಬಿಚ್ಚಿ ನೋಡುವ ಒಂದು ಲ್ಯಾಬ್ ನನಗೆ ಗೊತ್ತಿತ್ತು. ಮಹೇಶನೂ ನಾನೂ ಬೆಳಗಿನ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ವಡೋದರಾ ದಾಟುವಾಗ, ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ ಎಂದ. ಅಪ್ಪ ಮೂರು ಹೊತ್ತೂ ಆ ನಕ್ಷೆಗಳ ಮಾತೇ ಆಡುತ್ತಿದ್ದಾರೆ, ಬಹಳ ವರ್ಷಗಳ ಮೇಲೆ ಮನೆಯಲ್ಲಿ ಅವರ ದನಿ ಕೇಳುತ್ತಿದೆ ಎಂದ.

ಲ್ಯಾಬಿನ ಎಂಜಿನಿಯರ್ ಡಿಸ್ಕ್ ಬಿಚ್ಚಿದ ಮೇಲೆ ನಮ್ಮನ್ನು ಗಾಜಿನ ಹತ್ತಿರ ಕರೆದರು. ಒಳಗಿನ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರ ನಡುವೆ ಬಳೆಯಂತೆ ದುಂಡಗಿನ ಒಂದು ಮಸುಕು ಗೆರೆ. ಓದುವ ಮುಳ್ಳು ತಟ್ಟೆಗೆ ತಾಗಿ ತಿರುಗಿ ತಿರುಗಿ ಉಜ್ಜಿತ್ತು. ಬರಹವಿದ್ದ ಪದರವೇ ಕೆರೆದು ಪುಡಿಯಾಗಿ ಹೋಗಿದೆ, ಇನ್ನು ಜಗತ್ತಿನ ಯಾವ ಯಂತ್ರಕ್ಕೂ ಓದಲು ಅಲ್ಲಿ ಏನೂ ಇಲ್ಲ ಎಂದು ಅವರು ಮೆತ್ತಗಿನ ಹಿಂದಿಯಲ್ಲಿ ಹೇಳಿದರು. ಮಹೇಶ ಆ ಗೆರೆಯನ್ನೇ ನೋಡುತ್ತ ನಿಂತಿದ್ದ. ಕೇಳಬೇಕಾದ್ದನ್ನೆಲ್ಲ ನಾನೇ ಕೇಳಿದೆ.

ಮೂಲ ಕುಬಸಗಳನ್ನು ಮತ್ತೆ ಹುಡುಕಬಹುದೇ ಎಂದು ವಾಪಸು ಬರುವಾಗ ವಿಚಾರಿಸಿದೆ. ಮಹೇಶನಿಂದ ವಿಷಯ ತಿಳಿದ ಶಾಂತವ್ವ ಆಗಲೇ ಕೆಲವರನ್ನು ಕೇಳಿ ನೋಡಿದ್ದರು. ಕೆಲವರು ತೀರಿಕೊಂಡಿದ್ದರು, ಕೆಲವರು ಊರು ಬಿಟ್ಟಿದ್ದರು, ಹಳೆಯ ಬಟ್ಟೆ ಕೌದಿಗೆ ಸೇರಿತ್ತು ಅಥವಾ ಕಸಕ್ಕೆ ಹೋಗಿತ್ತು. ಸಿಕ್ಕರೂ ಎಳೆ ಎಣಿಸುವ ಕಣ್ಣು ಈಗ ಆ ಮನೆಯಲ್ಲಿಲ್ಲ. ಮಹೇಶ ನನ್ನ ಕಡೆ ತಿರುಗಿದ.

"ಪಪ್ಪಾಗ ಹೇಳೂದು ಬ್ಯಾಡ್ರಿ ಮೇಡಂ. ಎಲ್ಲಾ ಅದಾವ ಅನ್ನೂಣು. ಅವರಿಗೇನು ಕಾಣ್ತದ?"

ನಾನು ಒಪ್ಪಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅದು ಅವರ ಮನೆಯ ಮಾತು ಎಂದುಕೊಂಡೆ.

ಮರುದಿನ ಆ ಮೂರು ಫೈಲ್‌ಗಳನ್ನೂ ಪಟ್ಟಿಯನ್ನೂ ಹೊಸ ಡಿಸ್ಕಿಗೆ ಹಾಕಿ ಉಧ್ನಾಕ್ಕೆ ಒಯ್ದೆ. ಕಂಪ್ಯೂಟರ್ ಒಂದು ನಿಮಿಷದೊಳಗೆ ಎದ್ದಿತು. ಮಹೇಶ ಬೇಕೆಂದೇ ದೊಡ್ಡ ದನಿಯಲ್ಲಿ, ನೋಡ್ರಿ ಪಪ್ಪಾ, ಎಷ್ಟು ಫಾಸ್ಟ್ ಆಗೇತಿ ಎಂದ. ವೀರಭದ್ರಪ್ಪ ನನ್ನ ಕೀಬೋರ್ಡಿನ ಸದ್ದು ಬಂದ ಕಡೆ ಮುಖ ಮಾಡಿದರು.

"ತಂಗೀ, ಇವ ಎಲ್ಲಾ ಬಂದಾವ ಅಂತಾನ. ಇವನ ದನಿ ಹಂಗ ಅನ್ನವಲ್ದು. ನೀವು ಏನಂತೀರಿ?"

ಶಾಂತವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮಹೇಶ ನನ್ನತ್ತ ನೋಡಿ ತಲೆಯಾಡಿಸಿದ, ಬೇಡ ಎಂದು. ಆ ನಕ್ಷೆಗಳು ಮಗನವೂ ಅಲ್ಲ, ನನ್ನವೂ ಅಲ್ಲ. ಯಾರವೋ ಅವರು ನನ್ನನ್ನು ನೇರವಾಗಿ ಕೇಳಿದ್ದರು.

"ಇಲ್ಲ ಕಾಕಾ. ಮೂರು ಮಾತ್ರ ಬಂದಿವೆ, ಅದರಲ್ಲೂ ಒಂದು ಅರ್ಧ. ಉಳಿದವುಗಳ ಹೆಸರಷ್ಟೇ ಇದೆ, ಒಳಗೆ ಏನೂ ಇಲ್ಲ. ಅಹಮದಾಬಾದ್‌ಗೂ ಹೋಗಿ ಬಂದೆವು. ಇನ್ನು ದಾರಿಯಿಲ್ಲ."

ಅವರ ಕೈ ಮೇಜಿನ ಮೇಲೆ ತಡಕಾಡಿ ಮೌಸನ್ನು ಮುಟ್ಟಿತು, ಅಲ್ಲೇ ನಿಂತಿತು.

"ಹೆಸರರ ಅದಾವಲ್ಲ," ಎಂದರು. "ಓದ್ರಿ."

ನಾನು ಓದಿದೆ. ನಮೂನೆಯ ಹೆಸರು, ಪಕ್ಕದಲ್ಲಿ ಕುಬಸ ಕೊಟ್ಟವಳ ಹೆಸರು, ಹೀಗೆ ಅವರು ಫೈಲ್‌ಗಳಿಗೆ ಹೆಸರಿಟ್ಟಿದ್ದರು. ಆನೆಹೆಜ್ಜೆ ಗೌರವ್ವ ಎಂದೆ. ಇಲ್ಲೇ ಲಿಂಬಾಯತ ಓಣಿಯಾಕಿ, ಅವರವ್ವನ ಮದುವೆಯ ಕುಬಸ, ಬಗಲಿನಾಗ ಹರಿದಿತ್ತು ಎಂದರು. ಸೂಜಿಮಲ್ಲಿಗೆ ನೀಲವ್ವ ಎಂದೆ. ಹಸಿರು ಮೈ, ಕೆಂಪು ಅಂಚು, ಕೊಡಲಿಕ್ಕೆ ಮನಸ್ಸಿರಲಿಲ್ಲ ಆಕಿಗೆ ಎಂದರು. ಒಂದೊಂದು ಹೆಸರಿಗೂ ಒಂದೊಂದು ಮಾತು. ಮಹೇಶ ನೆಲದ ಮೇಲೆ ಕೂತು ಕೇಳುತ್ತಿದ್ದ. ಆ ಹೆಂಗಸರಲ್ಲಿ ಯಾರನ್ನೂ ಅವನು ಕಂಡಿರಲಿಲ್ಲ. ನಲವತ್ತೋ ಐವತ್ತೋ ಹೆಸರು ಓದಿರಬಹುದು. ಆಗ ನಕ್ಷತ್ರದ ನಮೂನೆಯೊಂದು, ಚಿಕ್ಕಿ ಬಸಮ್ಮ ಎಂಬ ಹೆಸರು ಬಂತು. ಅವರು ಮಾತಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಓದಿದೆ.

"ನೆನಪಿಗೆ ಬರವಲ್ದು," ಎಂದರು. ಸ್ವಲ್ಪ ಹೊತ್ತು ಪ್ರಯತ್ನಿಸಿದರು. ಆಮೇಲೆ ಸಾಕ್ರಿ ಎಂದು ಕೈ ಎತ್ತಿದರು.

ಗುಳೇದಗುಡ್ಡಕ್ಕೆ ತಾನು ಹೇಳುತ್ತೇನೆಂದು ಮಹೇಶ ಎದ್ದ. ಅವರು ಬೇಡವೆಂದರು. ನಂಬರ್ ಹಚ್ಚಿಕೊಡಲು ಹೇಳಿ ಫೋನನ್ನು ತಾವೇ ಕಿವಿಗಿಟ್ಟುಕೊಂಡರು. ನನ್ನ ಹಾದಿ ನೋಡಬ್ಯಾಡಪಾ, ನಿನ್ನ ಹಂತೇಲಿ ಇದ್ದದ್ದ ನೇಯಿ ಎಂದಷ್ಟೇ ಹೇಳಿದರು. ಆ ಕಡೆಯಿಂದ ಏನೋ ಕೇಳಿರಬೇಕು. ಇಲ್ಲ, ಆಗೂದಿಲ್ಲ ಎಂದು ಫೋನನ್ನು ಮಗನ ಕೈಗೆ ಕೊಟ್ಟರು.

ಉಳಿದುಕೊಂಡ ಆ ಮೂರು ನಕ್ಷೆಗಳನ್ನು ಮಹೇಶ ಊರಿಗೆ ಕಳಿಸಿದ. ಅವು ಅಲ್ಲಿನ ಮಗ್ಗದ ಜಕಾರ್ಡಿಗೆ ಹೊಂದುತ್ತಿಲ್ಲ, ತಿದ್ದಬೇಕು, ತಿದ್ದಲು ಬಲ್ಲವರು ಬೇಕು ಎಂದು ವೀರಭದ್ರಪ್ಪನವರ ತಮ್ಮನ ಮಗ ತಿಳಿಸಿದ. ನನಗೆ ಗೊತ್ತಿರುವ ಮಟ್ಟಿಗೆ ಅವು ಇನ್ನೂ ಬಟ್ಟೆಯಾಗಿಲ್ಲ.

ಈ ಕೆಲಸದಲ್ಲಿ ಸೋಲು ಹೊಸದಲ್ಲ. ನನ್ನ ಬಳಿಗೆ ಬರುವ ಡಿಸ್ಕುಗಳಲ್ಲಿ ಎಷ್ಟೋ ತಡವಾಗಿಯೇ ಬರುತ್ತವೆ. ಆದರೆ ಆ ಮನೆಯಿಂದ ಬಂದ ಮೇಲೆ ನಾನು ಮೂರು ರೂಢಿ ಮಾಡಿಕೊಂಡೆ. ಪ್ರತಿ ಫೈಲನ್ನೂ ತೆರೆದು ನೋಡುವವರೆಗೆ ಪಟ್ಟಿಯನ್ನು ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಕೆಟ್ಟ ಸುದ್ದಿಯಿದ್ದರೆ, ಕಳೆದುಹೋದದ್ದು ಯಾರದೋ ಅವರಿಗೆ ನಾನೇ ಹೇಳುತ್ತೇನೆ, ಮನೆಯವರ ಕೈಯಲ್ಲಿ ಹೇಳಿಸುವುದಿಲ್ಲ. ಹೇಳಿದ ಮೇಲೆ ತಕ್ಷಣ ಬ್ಯಾಗು ಎತ್ತಿಕೊಂಡು ಹೊರಡುವುದೂ ಇಲ್ಲ. ಅವರು ಸಾಕು ಎನ್ನುವವರೆಗೆ ಕೂತಿರುತ್ತೇನೆ. ಆ ಹೊತ್ತಿನಲ್ಲಿ ನಾನು ಮಾಡಬಲ್ಲ ರಿಪೇರಿ ಯಾವುದೂ ಇರುವುದಿಲ್ಲ.