ಪ್ರತಿ ದೀಪದ ಪಕ್ಕ ಒಂದು ಖಾಲಿ ಜಾಗ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ದುಂಡನೆಯ ಗುರುತಿತ್ತು. ಮೈಕ್ರೋಸ್ಕೋಪಿನ ರಬ್ಬರು ಬಟ್ಟಲಿಗೆ ವರ್ಷಗಟ್ಟಲೆ ಕಣ್ಣೊತ್ತಿ ಆದದ್ದು. ಭಾನುವಾರದ ರಜೆ ಮುಗಿಸಿ ಬಂದಾಗಲೂ ಮಾಸಿರುತ್ತಿರಲಿಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮೈಕ್ರೋ ಎಲ್‌ಇಡಿ ಪರದೆಗಳ ನಕ್ಷೆ ಬರೆಯುತ್ತಿದ್ದವರು ಅವರು. ನಾವೆಲ್ಲ ‘ಡ್ರಾಯಿಂಗ್ ಸಾರ್’ ಎನ್ನುತ್ತಿದ್ದೆವು. ನಾನು ರಿಪೇರಿ ಟೇಬಲ್ಲಿನವಳು, ಕಾಂಟ್ರ್ಯಾಕ್ಟ್ ಮೇಲೆ ಇದ್ದವಳು.

ಚಿಕ್ಕಬಾಣಾವರದ ಹಳೆಯ ಮನೆತನ ಅವರದು. ಊಟಕ್ಕೆ ತರುತ್ತಿದ್ದ ಚೀಲದಲ್ಲಿ ಮೊಸರನ್ನದ ಡಬ್ಬಿ ಯಾವಾಗಲೂ ಒಂದು ಹೆಚ್ಚಿಗೆ ಇರುತ್ತಿತ್ತು, ಯಾರಾದರೂ ಮರೆತು ಬಂದಿದ್ದರೆ ಇರಲಿ ಎಂದು. ನಾನು ಹೊಸ ಮಿಕ್ಸಿ ಕೊಂಡಾಗ ಅವರು ಮೊದಲು ಕೇಳಿದ್ದು ಅದರ ತಳದ ಬಗ್ಗೆ.

“ಸ್ಕ್ರೂ ಇದ್ಯೇನಮ್ಮಾ? ಬರೀ ಅಂಟು ಹಾಕಿದಾರೆ ಅಂದ್ರೆ, ಕೆಟ್ರೆ ಎಸಿ ಅಂತ ಈಗ್ಲೇ ಹೇಳ್ತಿದಾರೆ ಅಂತ ಅರ್ಥ.”

ನಮ್ಮ ಮ್ಯಾನೇಜರು ಕ್ಯಾಂಟೀನಿನಲ್ಲಿ ಅವರನ್ನು ರೇಗಿಸುತ್ತಿದ್ದರು. “ಏನ್ ಸಾರ್, ಮದುವೇಲೂ ಒಂದು ಸ್ಪೇರ್ ಇಟ್ಕೊಂಡಿದ್ರಾ?”

“ನಮ್ಮನೇಲಿ ಕೇಳಿ. ನಾನೇ ಸ್ಪೇರು ಅಂತಾಳೆ.”

ಆ ಪರದೆಯ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ದೀಪ. ಕಣ್ಣಿಗೆ ಕಾಣದಷ್ಟು ಸಣ್ಣವು. ಅಷ್ಟೊಂದು ಕೂರಿಸುವಾಗ ಕೆಲವು ಹತ್ತುವುದೇ ಇಲ್ಲ. ಅದಕ್ಕೇ ಇವರು ತಮ್ಮ ನಕ್ಷೆಯಲ್ಲಿ ಪ್ರತಿ ದೀಪದ ಪಕ್ಕ ಒಂದು ಖಾಲಿ ಜಾಗ ಬಿಟ್ಟಿದ್ದರು. ಕೆಟ್ಟ ದೀಪದ ತಂತಿಯನ್ನು ಲೇಸರಿನಲ್ಲಿ ಕತ್ತರಿಸುವುದು, ಪಕ್ಕದ ಖಾಲಿ ಜಾಗದಲ್ಲಿ ಹೊಸದನ್ನು ಕೂರಿಸುವುದು. ಕತ್ತರಿಸದೆ ಬಿಟ್ಟರೆ ಕೆಟ್ಟದ್ದು ಹೊಸದನ್ನೂ ಹತ್ತಗೊಡುವುದಿಲ್ಲ. ಕತ್ತರಿಸುವ ಕೆಲಸ ನನ್ನದು. ಕೂರಿಸುವುದು ಮೆಷಿನ್ನು.

ಆ ಖಾಲಿ ಜಾಗ ದಂಡ, ತೆಗೆದುಹಾಕಿ ಎಂದು ಮೇಲಿನವರು ಬಹಳ ದಿನದಿಂದ ಹೇಳುತ್ತಿದ್ದರು. ಕೊನೆಗೆ ಒಂದು ಪ್ಯಾನೆಲ್ ರಿಪೇರಿ ಮಾಡಿ ಗಿರಾಕಿಗಳಿಗೆ ತೋರಿಸುವುದು, ಅದು ಚೆನ್ನಾಗಿ ಬಂದರೆ ಖಾಲಿ ಜಾಗ ಉಳಿಯಲಿ ಎಂದಾಯಿತು. ಅವರು ನನ್ನ ಟೇಬಲ್ಲಿಗೇ ಬಂದು ಪ್ಯಾನೆಲ್ ಇಟ್ಟರು. “ನಿನ್ ಕೈ ಮೇಲೆ ನಂಗೆ ನಂಬ್ಕೆ ಇದೆ ಕಣಮ್ಮ. ನಿಧಾನವಾಗಿ ಮಾಡು,” ಎಂದರು.

ನಾನು ನಿಧಾನವಾಗಿಯೇ ಮಾಡಿದೆ. ಆದರೆ ನನ್ನ ಹಳೆಯ ಮೈಕ್ರೋಸ್ಕೋಪಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತಿತ್ತು. ಆರು ವರ್ಷ ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡು ಕೈ ಪಳಗಿತ್ತು. ಆ ವಾರವಷ್ಟೇ ಕಣ್ಣಿಟ್ಟು ನೋಡುವುದನ್ನು ತೆಗೆದು, ಟಿವಿಯಂಥ ಸ್ಕ್ರೀನ್ ತಂದು ಕೂರಿಸಿದ್ದರು. ಅದರಲ್ಲಿ ಎಲ್ಲವೂ ನೇರ. ಹೇಳಿಯೂ ಇದ್ದರು. ಕೈ ಕೇಳಲಿಲ್ಲ. ಹತ್ತಿಸದೆ ನೋಡಿದರೆ ಮೂರು ದೀಪವೂ ಒಂದೇ ಥರ. ಆ ಪ್ಯಾನೆಲ್ಲಿನಲ್ಲಿ ಕೆಟ್ಟಿದ್ದವೆಲ್ಲ ಎಡಕ್ಕಿರುವ ಕೆಂಪು ದೀಪಗಳು. ನಾನು ಕತ್ತರಿಸಿದ್ದು ಬಲಕ್ಕಿರುವ ನೀಲಿಯ ತಂತಿಗಳನ್ನು.

ಮರುದಿನ ಗಿರಾಕಿಗಳ ಎದುರು ಪ್ಯಾನೆಲ್ ಹಚ್ಚಿದರು. ಬೆಳ್ಳಗೆ ಬರಬೇಕಾದ ಪರದೆಯ ಮೇಲೆ ರಿಪೇರಿಯಾದ ಜಾಗದಲ್ಲೆಲ್ಲ ಹಸಿರು ಚುಕ್ಕಿಗಳು. ಕೆಂಪು ಹತ್ತಲಿಲ್ಲ, ನೀಲಿಯೂ ಆರಿತ್ತು. ಗೋಡೆಗೆ ಒತ್ತಿಕೊಂಡು ನಿಂತಿದ್ದ ನನಗೆ ನೋಡಿದ ಕೂಡಲೇ ಗೊತ್ತಾಯಿತು.

“ಇದೇನ್ ಸಾರ್, ರಿಪೇರಿ ಮಾಡೋಕೆ ಹೋಗಿ ಚೆನ್ನಾಗಿರೋದನ್ನೂ ಸಾಯ್ಸಿದೀರಲ್ಲ?” ಎಂದರು ಮ್ಯಾನೇಜರು.

ಇವರು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. “ಮಧ್ಯದ ಹಸಿರು ಬಿಟ್ಟು ಆ ಕಡೆ ನೀಲಿ ಹೆಂಗೆ ಹೋಯ್ತು?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಆಮೇಲೆ ತಿರುಗಿ, “ನನ್ ಡ್ರಾಯಿಂಗಲ್ಲೇ ಲೈನು ಎಲ್ಲೋ ಸೇರ್ಕೊಂಡಿದೆ. ಈ ಹೆಣ್ಮಗಳ್ದು ಏನೂ ತಪ್ಪಿಲ್ಲ. ಒಂದು ವಾರ ಟೈಮ್ ಕೊಡಿ,” ಎಂದರು.

ಯಾರೂ ಕೊಡಲಿಲ್ಲ. ಗಿರಾಕಿಗಳು ಪ್ಯಾನೆಲ್ಲನ್ನು ತಮ್ಮೊಂದಿಗೇ ಒಯ್ದರು, ಇವರಿಗೆ ಅದನ್ನು ಪರೀಕ್ಷಿಸಿ ನೋಡಲೂ ಸಿಗಲಿಲ್ಲ. ನನ್ನ ಕಾಂಟ್ರ್ಯಾಕ್ಟ್ ಆ ತಿಂಗಳೇ ಮುಗಿಯುವುದಿತ್ತು. ನಾನು ಬಾಯಿ ಬಿಡಲಿಲ್ಲ.

ನಕ್ಷೆಯಿಂದ ಖಾಲಿ ಜಾಗ ತೆಗೆದುಹಾಕಿದರು. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಡ್ರಾಯಿಂಗ್ ಸಾರ್ ಎರಡು ತಿಂಗಳ ಮೇಲೆ ಕೆಲಸ ಬಿಟ್ಟರು. ಆಮೇಲೂ ಆಗಾಗ ನನಗೆ ಫೋನ್ ಮಾಡುತ್ತಿದ್ದರು. “ಕೆಂಪಿಗೂ ನೀಲಿಗೂ ಎಲ್ಲೂ ಸೇರಲ್ಲ ಕಣಮ್ಮ, ಮತ್ತೆ ನೋಡ್ದೆ,” ಎನ್ನುತ್ತಿದ್ದರು. ನಾನು “ಹೌದಾ ಸಾರ್” ಎನ್ನುತ್ತಿದ್ದೆ. ಒಲೆಯ ಮೇಲೆ ಏನೋ ಇದೆ ಎಂದು ಫೋನ್ ಇಟ್ಟುಬಿಡುತ್ತಿದ್ದೆ.

ಒಂದು ವರ್ಷದ ಮೇಲೆ, ಅವರಿಗೆ ಕಾಯಿಲೆ ಜೋರಾಗಿದೆ ಎಂದು ಕೇಳಿ ಮನೆಗೆ ಹೋದೆ. ಮಂಚದ ಪಕ್ಕ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ಅದೇ ನಕ್ಷೆ, ಹತ್ತಾರು ಸಲ ಬರೆದದ್ದು. ಅದನ್ನು ನೋಡಿದ ಮೇಲೆ ಕುಳಿತುಕೊಳ್ಳಲೂ ಆಗಲಿಲ್ಲ. ನಿಂತೇ ಎಲ್ಲ ಹೇಳಿದೆ.

“ಸ್ಕ್ರೀನು ನೇರ ತೋರಿಸ್ತಿತ್ತು, ನಿನ್ ಕೈ ತಿರುಗಿಸ್ತು. ಅಷ್ಟೇನಾ?”

“ಅಷ್ಟೇ ಸಾರ್.”

ಎದ್ದು ಕೂರಲು ನೋಡಿದರು. “ಲೇ, ಬಾರೇ ಇಲ್ಲಿ! ಡ್ರಾಯಿಂಗ್ ಸರಿ ಇತ್ತಂತೆ!” ಎಂದು ಹೆಂಡತಿಯನ್ನು ಕೂಗಿದರು. ಒಳಗಿನಿಂದ ಆಕೆ ಬರುವ ಹೊತ್ತಿಗೆ ಆ ಸಂತೋಷ ಮುಖದಿಂದ ಇಳಿದುಹೋಗಿತ್ತು. ನನ್ನನ್ನೇ ನೋಡುತ್ತಿದ್ದರು.

“ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

“ಕೆಲಸ ಹೋಗ್ತಿತ್ತು ಸಾರ್.”

“ಹೌದು. ಹೋಗ್ತಿತ್ತು,” ಎಂದರು. ಆಮೇಲೆ, “ಮ್ಯಾನೇಜರ್‌ಗೆ ಒಂದ್ ಮಾತು ಹೇಳು. ಏನಂದ್ರು ಅಂತ ನಂಗೆ ಹೇಳು,” ಎಂದರು.

ಮರುದಿನವೇ ಹೇಳಿದೆ. ಮ್ಯಾನೇಜರು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. “ಆ ಡ್ರಾಯಿಂಗೇ ಈಗ ಇಲ್ವಲ್ಲಮ್ಮ. ಹೋಗಿ ಕೆಲಸ ನೋಡಿ,” ಎಂದರು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ಅವರ ಹೆಂಡತಿಯ ಫೋನ್ ಬಂತು. ಜೀವ ಹೋಗುವ ಮುನ್ನ ಅವರು ಎರಡು ಸಲ ಕೇಳಿದರಂತೆ, ಆ ಹೆಣ್ಣುಮಗಳು ಫೋನ್ ಮಾಡಿದ್ಲಾ ಎಂದು.

ಈಗ ಬರುವ ಪ್ಯಾನೆಲ್ಲುಗಳಲ್ಲಿ ದೀಪಗಳು ಒಂದಕ್ಕೊಂದು ಒತ್ತಿಕೊಂಡಿವೆ. ಒಂದು ಕೆಟ್ಟಿದ್ದರೂ ಪ್ಯಾನೆಲ್ಲನ್ನು ಪೂರ್ತಿಯಾಗಿ ಕಸದ ಡಬ್ಬಕ್ಕೆ ಹಾಕಬೇಕು. ಅದು ನನ್ನ ಕೆಲಸ. ಹಾಕುವ ಮುಂಚೆ ಎಡ ಯಾವುದು, ಬಲ ಯಾವುದು ಎಂದು ಈಗಲೂ ಎರಡೆರಡು ಸಲ ನೋಡುತ್ತೇನೆ. ಡಬ್ಬಕ್ಕೆ ಹಾಕಲು ಅದರ ಅಗತ್ಯವೇ ಇಲ್ಲ.