ಗೂಡು ಕಟ್ಟಿಕೊಂಡ ಬೈಕು

ಮೊನ್ನೆ ಸಂಜೆ ನಮ್ಮ ಮೊಮ್ಮಗಳು ಅವಳ ತಾತನ ಹಳೇ ಬೈಕನ್ನು ರಿಪೇರಿ ಮಾಡಿಸಿ, ಕನಕಪುರದಿಂದ ಒಬ್ಬಳೇ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದಳು. "ಹತ್ತಜ್ಜಿ, ಒಂದ್ ರೌಂಡ್ ಹೋಗಣ" ಎಂದಳು. ನನ್ನ ಸಂತೋಷ ಹೇಳತೀರದು, ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟು ಓಡಿದೆ. ಹತ್ತಿರ ಹೋದಾಗ ಆ ವಾಸನೆ ಬಂತು. ಕಾದ ಕಬ್ಬಿಣ, ಸುಟ್ಟ ಆಯಿಲು, ಧೂಳು... ರಾಮನಗರದ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಗ್ಯಾರೇಜಣ್ಣ ಕಣ್ಣ ಮುಂದೆ ಬಂದು ಕೂತುಬಿಟ್ಟ.

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಹಗಲೆಲ್ಲ ಮಣ್ಣಿನ ಲಾರಿ. ಮರದ ಎಲೆಯೂ ಕೆಂಪು, ನಮ್ಮ ಕಣ್ಣ ರೆಪ್ಪೆಯೂ ಕೆಂಪು. ನಾವು ಗಂಡ ಹೆಂಡತಿ ರೇಷ್ಮೆಗೂಡಿನ ಮೂಟೆಗಳನ್ನು ಬೈಕಿಗೆ ಹಿಂದೆ ಮುಂದೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ನಮ್ಮ ಕಡೆ ಎಲ್ಲರೂ ಹಾಗೇ.

ಒಂದು ಸಲ ನೆಂಟರ ಮನೆಯ ತಿಥಿಗೆ ಹೋಗಿ ಗೂಡು ಬಿಡಿಸುವುದು ತಡವಾಗಿತ್ತು. ಇನ್ನೊಂದು ದಿನ ಕಳೆದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಬಂದುಬಿಡುತ್ತದೆ. ಕೊರೆದ ಗೂಡಲ್ಲಿ ನೂಲು ಬಿಚ್ಚುವುದಿಲ್ಲ. ನಾನು ನಿದ್ದೆಗೆಟ್ಟು ಸೊಪ್ಪು ಹಾಕಿ ಸಾಕಿದ್ದೆಲ್ಲ ದಂಡ. ಆವತ್ತಿನ ಹರಾಜಿಗೇ ಮುಟ್ಟಬೇಕಿತ್ತು. ಏರು ಹತ್ತುವಾಗ ಬೈಕು ಕೆಂಡದಂತೆ ಕಾದು, ಆ ಶೆಡ್ಡಿನ ಮುಂದೆಯೇ ನಿಂತುಹೋಯಿತು.

ಅದಕ್ಕೆ ಮೊದಲೂ ಬೈಕು ಹೀಗೇ ಕಾಯುತ್ತಿತ್ತು. ಆಯಿಲು ಬದಲಾಯಿಸಿದ್ದಾಯಿತು, ಪ್ಲಗ್ಗು ಬದಲಾಯಿಸಿದ್ದಾಯಿತು. ಪೇಟೆಯ ಮೆಕ್ಯಾನಿಕ್ಕು ಎಂಜಿನ್ನಿನೊಳಗಿನ ಬೋರೇ ಸವೆದುಹೋಗಿದೆ, ಬಿಚ್ಚಬೇಕು ಎಂದಿದ್ದ.

ನಮ್ಮ ಯಜಮಾನರು ಶೆಡ್ಡಿನ ಡ್ರಮ್ಮಿಂದ ಬಿಂದಿಗೆ ತುಂಬ ನೀರೆತ್ತಿ ಎಂಜಿನ್ ಮೇಲೆ ಸುರಿಯಲು ಹೋದರು. ಒಳಗಿಂದ ಗ್ಯಾರೇಜಣ್ಣ ಕೂಗಿದ.

"ಗೌಡ್ರೆ, ಮಡಗಿ ಬಿಂದ್ಗೆಯ. ಕಾದಿರೋದ್ಕೆ ತಣ್ಣೀರು ಬಿದ್ರೆ ಸೀಳ್ಕಂಬುಡ್ತದೆ. ತಲೆ ಬಿಸಿಯಾಗಿದ್ರೆ ನಿಮ್ ತಲೆ ಮೇಲ್ ಹುಯ್ಕಳಿ."

"ಅದು ತಣ್ಣಗಾಗಗಂಟ ಕಾಯಕ್ಕಾಯ್ತದೇನಣ್ಣ? ಮೂಟೇಲಿ ಗೂಡೈತೆ" ಎಂದೆ.

"ಮೂಟೆ ಬಿಚ್ಚಿ ನೆಳ್ಳಲ್ಲಿ ಹರಡಕ್ಕ, ಅವೂ ಒಸಿ ಉಸ್ರಾಡ್ಲಿ" ಎಂದು ತಾನು ಹೊದೆಯುವ ದುಪ್ಪಟಿಯನ್ನೇ ತಂದು ಹಾಸಿದ. ಗೂಡಿಗೆ ಮಾತ್ರ ಕೈ ಹಚ್ಚಲಿಲ್ಲ. ಆಯಿಲಿನ ಕೈ ತಾಗಿದರೆ ಕಲೆಯಾಗುತ್ತದೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಬಿಸಿ ಒಂದಿಷ್ಟು ಇಳಿದ ಮೇಲೆ ಲೋಟದ ನೀರಿಗೆ ಬೆರಳದ್ದಿ, ತುಳಸಿಗೆ ಚಿಮುಕಿಸುವ ಹಾಗೆ ಎಂಜಿನ್ ಮೇಲೆ ಒಂದೊಂದೇ ಹನಿ ಹಾಕುತ್ತಾ ಕಿವಿಗೊಟ್ಟ. ಪಕ್ಕದಲ್ಲಿ ಹಾಕಿದರೆ ಚುಂಯ್. ಹಿಂದೆ ಹಾಕಿದರೆ ಚುಂಯ್. ಮುಂದೆ, ಗಾಳಿ ಬಡಿಯುವ ಕಡೆ ಹಾಕಿದರೆ ಸದ್ದೇ ಇಲ್ಲ. ಹನಿಯನ್ನು ಯಾರೋ ಕುಡಿದುಬಿಟ್ಟ ಹಾಗೆ.

"ಅಕ್ಕ, ನಿನ್ ತಲೆಪಿನ್ ಕೊಡು" ಎಂದ.

ಗಾಳಿಯಾಡಲೆಂದು ಎಂಜಿನ್ ಸುತ್ತ ಪಟ್ಟಿಪಟ್ಟಿಯಾಗಿ ಸಂದುಗಳಿರುತ್ತವಲ್ಲ, ಅಲ್ಲಿ ಮಣ್ಣೆಂದು ನಾವು ತಿಳಿದಿದ್ದನ್ನು ಪಿನ್ನಿನಿಂದ ಮೆಲ್ಲಗೆ ಎಬ್ಬಿಸಿ ಎಳೆದ. ಅಂಗೈ ಅಗಲದ ಕಂಬಳಿ ತುಂಡಿನಂಥದ್ದು ಕಿತ್ತು ಬಂತು. ಮೂಟೆಯಿಂದ ಹಾರಿದ ರೇಷ್ಮೆಯ ನವಿರು ಎಳೆಗಳು ಎಂಜಿನ್ನಿನ ಜಿಡ್ಡಿಗೆ ಅಂಟಿ, ಮೇಲೆ ಲಾರಿ ಧೂಳು ಕೂತು, ಗೂಡಿನ ಬೆಳೆ ಬೆಳೆಗೂ ಪದರ ಕಟ್ಟಿತ್ತು.

"ನೋಡಿ ಗೌಡ್ರೆ, ನಿಮ್ ಗಾಡಿನೂ ಗೂಡ್ ಕಟ್ಕಂಡೈತೆ. ಇದ್ನೂ ಹರಾಜ್ಗೆ ಮಡಗಿ. ಬೋರೂ ಹೋಗಿಲ್ಲ, ಗೀರೂ ಹೋಗಿಲ್ಲ. ಗಾಳಿ ಆಡ್ತಿರ್ಲಿಲ್ಲ, ಅಷ್ಟೆಯ."

ಹುಳ ಒಂದು ಗೂಡನ್ನೂ ಕೊರೆಯುವ ಮೊದಲೇ ಹರಾಜಿಗೆ ಮುಟ್ಟಿದೆವು. ದಾರಿಯುದ್ದಕ್ಕೂ ನಮ್ಮ ಯಜಮಾನರು, "ಹನಿ ಸದ್ದು ಕೇಳಿ ಹೇಳ್ಬುಟ್ನಲ್ಲೇ" ಎನ್ನುತ್ತಲೇ ಇದ್ದರು.

ಆಮೇಲೆ ಗೂಡು ಒಯ್ಯುವಾಗಲೆಲ್ಲ ಅಲ್ಲಿ ನಿಲ್ಲುತ್ತಿದ್ದೆವು, ಅವನು ಬೆರಳದ್ದಿ ಹನಿ ಹಾಕಿ, ಮುಂದೆಯೂ ಚುಂಯ್ ಎಂದರೆ ತಲೆಯಾಡಿಸಿ ಕಳಿಸುತ್ತಿದ್ದ. ಒಂದು ಸಲ ಹೋದರೆ ಶೆಡ್ಡು ಇರಲಿಲ್ಲ. ರಸ್ತೆ ಅಗಲವಾಗಿತ್ತು. ಧೂಳು ಕುಡಿದೂ ಕುಡಿದೂ ಉಸಿರಾಟದ ಕಾಯಿಲೆ ಬಂದು ತೀರಿಕೊಂಡ ಎಂದು ಎದುರಿನ ಎಳನೀರಿನವಳು ಹೇಳಿದಳು. ನಮ್ಮ ಯಜಮಾನರು ಬೈಕು ಆಫ್ ಮಾಡಿ ಇಳಿದರು... ಈಗ ಅವರೂ ಇಲ್ಲ.

ಮೊನ್ನೆ ನಾನು ಲೋಟದಲ್ಲಿ ನೀರು ತಂದು ಬೆರಳದ್ದಿದೆ.

"ಏನಜ್ಜಿ, ಗಾಡಿ ಪೂಜೆನಾ?" ಎಂದು ಮೊಮ್ಮಗಳು ನಕ್ಕಳು.

"ಸುಮ್ಕಿರು ಕೂಸೆ, ಕೇಳಿಸ್ಕಬೇಕು" ಎಂದೆ.

ಪಕ್ಕದಲ್ಲಿ ಚುಂಯ್. ಹಿಂದೆ ಚುಂಯ್. ಮುಂದೆಯೂ ಚುಂಯ್. ತಲೆಯಾಡಿಸಬೇಕಾದವನು ಇರಲಿಲ್ಲ. ನಾನೇ ತಲೆಯಾಡಿಸಿ, ಸೆರಗು ಬಿಗಿದು, ಅವಳ ಬೆನ್ನ ಹಿಂದೆ ಹತ್ತಿ ಕೂತೆ.