ಹೊಗೆ ಬಾರದ ಚಿಮಣಿ

ನನ್ನ ಸೋದರತ್ತೆ ದರ್ಜಿ. ಹೊಲಿಗೆಯಿಂದ ಬಿಡುವಾದಾಗಲೆಲ್ಲ ಗ್ರಂಥಾಲಯದಲ್ಲಿ ಕೂತು, ಅಜ್ಜ ಕೆಲಸ ಮಾಡಿದ್ದ ಹಳೆಯ ಪ್ರಯಾಣಿಕರ ಹಡಗಿನ ಚರಿತ್ರೆಯನ್ನು ಹುಡುಕುತ್ತಿದ್ದಳು. ಆ ಹಡಗಿನ ಮೂರನೆಯ ಚಿಮಣಿಯೊಳಗೆ ತಾನು ಪ್ರಯಾಣಿಕರ ನಾಯಿಗಳನ್ನು ನೋಡಿಕೊಳ್ಳುತ್ತಿದ್ದೆ ಎಂದು ಅಜ್ಜ ಸಾಯುವವರೆಗೂ ಹೇಳಿದ್ದ. ಅವಳನ್ನು ಬಿಟ್ಟು ಯಾರೂ ನಂಬಿರಲಿಲ್ಲ.

"ಚಿಮಣಿಯೊಳಗೆ ನಾಯಿ ಬಿಟ್ರೆ ಸುಟ್ಟು ಕರಕಲಾಗಲ್ವೇನೇ? ಅಪ್ಪ ಬುರುಡೆ ಬಿಟ್ಟಿದ್ದು ಕಣೇ. ಅದು ನಿಜ ಅಂತ ತೋರ್ಸು, ನಾನೇ ಬೊಗಳ್ತೀನಿ," ಎಂದು ನನ್ನ ಅಪ್ಪ ತಂಗಿಯನ್ನು ರೇಗಿಸುತ್ತಿದ್ದ.

ಮೊನ್ನೆ ಅತ್ತೆ ನನ್ನನ್ನೂ ಗ್ರಂಥಾಲಯಕ್ಕೆ ಕರೆದೊಯ್ದಳು. ಹಳೆಯ ಪುಸ್ತಕವೊಂದರಲ್ಲಿ ಆ ಹಡಗಿನ ಚಿತ್ರ ಸಿಕ್ಕಿತು. ಅವಳ ಬೆರಳು ತಟ್ಟನೆ ನಿಂತಿತು.

"ನೋಡೇ, ಎರಡರಲ್ಲೇ ಹೊಗೆ! ಮೂರನೇದು ಯಾಕೆ ಸುಮ್ನಿದೆ?"

ಪುಟ ತಿರುವಿದಳು. ಹಡಗನ್ನು ಉದ್ದಕ್ಕೆ ಸೀಳಿ ಒಳಭಾಗ ತೋರಿಸಿದ ಚಿತ್ರವಿತ್ತು. ಮೂರನೆಯ ಚಿಮಣಿ ಬರೀ ಅಂದಕ್ಕೆ ನಿಲ್ಲಿಸಿದ್ದು. ಅದರ ಟೊಳ್ಳಿನಲ್ಲಿ ಸಾಲಾಗಿ ಗೂಡುಗಳು, ಪಕ್ಕದಲ್ಲಿ 'ನಾಯಿಗಳ ಕೋಣೆ' ಎಂಬ ಬರಹ.

ಅತ್ತೆ ಕೂಗಿದ ಕೂಗಿಗೆ ಇಡೀ ಗ್ರಂಥಾಲಯ ತಿರುಗಿ ನೋಡಿತು. ಅವಳಿಗೆ ಅದರ ಪರಿವೆಯೇ ಇಲ್ಲ. ಕೂತಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಈಗ ಬೊಗಳು ಅಣ್ಣಾ, ಕೇಳೋಣ!"

ಆ ಕಡೆ ಅಪ್ಪ ಮೆಲ್ಲಗೆ ಬೊಗಳಿದ.